ಚಿತ್ರವಿಲ್ಲದ ಬೀಡಿಕಟ್ಟು

ಇಷ್ಟೆಲ್ಲ ರಾಮಾಯಣಕ್ಕೆ ಮೂಲ ಒಂದು ಬೀಡಿಕಟ್ಟು.

ಬಬಲೇಶ್ವರದ ರಾಯಪ್ಪ ತೀರಿಕೊಂಡು ಅಂದಿಗೆ ಒಂದು ವರ್ಷ ತುಂಬಿತ್ತು. ಮಗ ರಾಜಾರಾಮ ಕಚೇರಿಗೆ ರಜೆ ಹಾಕಿ, ಮನೆಯ ಮಾಳಿಗೆಯ ಮೇಲೆ ಬಾಳೆ ಎಲೆ ಹಾಸಿ, ಅಪ್ಪನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟಿದ್ದ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಭಜಿ, ಎಲ್ಲದರ ಪಕ್ಕದಲ್ಲಿ ಒಂದು ಕಟ್ಟು ಕೆಂಪು ಕುದುರೆ ಬೀಡಿ. ರಾಯಪ್ಪ ದಿನಾ ಸಂಜೆ ಅಂಗಡಿಗೆ ಹೋಗಿ ಅದೇ ಬೀಡಿ ತರುತ್ತಿದ್ದುದು ಓಣಿಗೆಲ್ಲ ಗೊತ್ತು. ಇನ್ನು ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಹೋದವರ ಜೀವ ತಣ್ಣಗಾಯಿತು ಎಂದು ಅರ್ಥ. ಅಲ್ಲಿಯವರೆಗೆ ಮನೆಯವರು ಯಾರೂ ಬಾಯಿಗೆ ತುತ್ತು ಹಾಕುವಂತಿಲ್ಲ.

ಬೇವಿನ ಮರದ ತುಂಬ ಕಾಗೆಗಳಿದ್ದವು. ಕತ್ತು ಸೊಟ್ಟ ಮಾಡಿ ಎಲೆಯ ಕಡೆ ನೋಡುತ್ತಿದ್ದವು, ಕಾ ಎನ್ನುತ್ತಿದ್ದವು, ಮತ್ತೆ ಅತ್ತ ತಿರುಗಿ ಕೂಡುತ್ತಿದ್ದವು. ಒಂದೂ ಕೆಳಗಿಳಿಯಲಿಲ್ಲ. ಬಿಸಿಲು ಏರಿತು, ಹೋಳಿಗೆಯ ಮೇಲಿನ ತುಪ್ಪ ಕರಗಿ ಎಲೆಗೆ ಹರಿಯಿತು. ಮುದುಕಿ ಪರಸವ್ವ ಬೆಳಗಿನಿಂದ ನೀರು ಕೂಡ ಮುಟ್ಟದೆ ಮೂಲೆಯಲ್ಲಿ ಕುಳಿತಿದ್ದಳು. ತಾಯಿಯ ಬಾಡಿದ ಮುಖ ನೋಡಿ ರಾಜಾರಾಮನಿಗೆ ಒಳಗೊಳಗೇ ಭಯವಾಯಿತು. ಅಪ್ಪ ತನ್ನ ಮೇಲೆ ಸಿಟ್ಟಾಗಿಯೇ ಹೋಗಿರಬಹುದೇ?

ಅಷ್ಟರಲ್ಲಿ ಪಕ್ಕದ ಮನೆಯ ಹನಮವ್ವ ಕರೆಯದೆಯೇ ಮಾಳಿಗೆ ಹತ್ತಿ ಬಂದಳು. ಓಣಿಯ ಯಾವ ಕಾರ್ಯವೂ ಅವಳ ಸಲಹೆಯಿಲ್ಲದೆ ಮುಗಿದದ್ದಿಲ್ಲ. ಎಲೆಯ ಮೇಲೆ ಬಗ್ಗಿ ನೋಡಿದವಳೇ ಬಾಯಿಗೆ ಸೆರಗು ಹಿಡಿದಳು.

“ಯವ್ವಾ! ಕೊಳತ ಗಂಟಲ ಚಿತ್ರ ಹೋಳಿಗಿ ಮಗ್ಗಲಕ ಇಟ್ಟೀರಲ್ಲ! ಇದನ್ನ ನೋಡಿದ್ರ ನನಗ ಉಣ್ಣಾಕ ಮನಸ ಆಗವಲ್ದು, ಕಾಗಿಗೆ ಹೆಂಗ ಆಗತೈತಿ?”

ರಾಜಾರಾಮ ಕಟ್ಟನ್ನು ಮಗುಚಿ ಇಟ್ಟ. ಆ ಕಡೆಯೂ ಅದೇ ಗಂಟಲು.

“ಕಾಯದೆ ಐತ್ರಿ ಅದು,” ಎಂದ ಅವಳ ಹಿಂದೆಯೇ ಬಂದ ಶಿವಯೋಗೆಪ್ಪ. ಆತ ಸರ್ಕಾರಿ ಕಚೇರಿಯಲ್ಲಿ ಜವಾನನಾಗಿ ನಿವೃತ್ತನಾಗಿದ್ದ. ಯಾವ ಕಾಯದೆಯ ಮಾತು ಬಂದರೂ ತಾನೇ ಸಹಿ ಹಾಕಿದವನಂತೆ ಮಾತಾಡುತ್ತಿದ್ದ. “ಕಟ್ಟಿನ ಮ್ಯಾಲ ಬಹಳಷ್ಟು ಜಾಗಾದಾಗ ರೋಗದ ಚಿತ್ರನ ಇರಬೇಕು. ಮಂದಿ ನೋಡಿ ಅಂಜಬೇಕು.”

“ಮಂದಿ ಎಲ್ಲಿ ಅಂಜ್ಯಾರ್ರಿ? ಕಾಗಿ ಅಂಜ್ಯಾವು,” ಎಂದಳು ರಾಜಾರಾಮನ ಹೆಂಡತಿ ಪೂನಮ, ಗಂಡನ ಅಂಗಿಯ ಜೇಬಿನಲ್ಲಿದ್ದ ಸಿಗರೇಟು ಪಾಕೀಟಿನ ಕಡೆ ಕೆಂಗಣ್ಣು ಬಿಟ್ಟು. “ಆ ಬೀಡಿ ತಗದ ಒಗೀರಿ ಅತ್ಲಾಗ.”

“ತಗೀಬ್ಯಾಡ್ರಿ!” ಮೂಲೆಯಿಂದ ಪರಸವ್ವ ಗುಡುಗಿದಳು. “ಬೀಡಿ ಇರಬೇಕು. ಕೆಂಪು ಕುದುರೀನ ಇರಬೇಕು.”

ಬೇರೆ ದಾರಿಯಿರಲಿಲ್ಲ. ಚಿತ್ರವಿಲ್ಲದ ಕಟ್ಟು ಹುಡುಕಿ ತರಲು ರಾಜಾರಾಮ ಹೊರಟ. ಗುರುತಿಗಿರಲಿ ಎಂದು ಎಡೆಯ ಬೀಡಿಕಟ್ಟನ್ನೂ ಜೇಬಿಗೆ ಹಾಕಿಕೊಂಡ. ಬೀಡಿಯಿಲ್ಲದ ಎಡೆಯನ್ನು ಕಾಗೆ ಮುಟ್ಟಬಾರದೆಂದು ಪರಸವ್ವ ಅವನು ಬರುವವರೆಗೆ ಎಲೆಯ ಮೇಲೆ ಬುಟ್ಟಿ ಮುಚ್ಚಿಸಿದಳು. ಶಿವಯೋಗೆಪ್ಪ ಧಾರಾಳವಾಗಿ ತನ್ನ ಮೋಟರ್‌ಸೈಕಲ್ ಕೊಟ್ಟ. ಆತ ನಿವೃತ್ತನಾಗಿದ್ದರೂ ಗಾಡಿ ಇನ್ನೂ ಸೇವೆಯಲ್ಲಿತ್ತು. ಮುಂದೆ ಕೆಂಪು ಅಕ್ಷರದಲ್ಲಿ ‘ಕರ್ನಾಟಕ ಸರ್ಕಾರ’ ಎಂದು ಬರೆದದ್ದನ್ನು ಯಾರೂ ಅಳಿಸಿರಲಿಲ್ಲ.

ವಿಜಯಪುರದ ಗಾಂಧಿ ಚೌಕದಲ್ಲಿ ಉಮರ ಎಂಬಾತನ ಬೀಡಿ-ಸಿಗರೇಟಿನ ಸಗಟು ಅಂಗಡಿ. ರಾಜಾರಾಮ ಗಾಡಿಯನ್ನು ನೇರವಾಗಿ ಅದರ ಬಾಗಿಲಿಗೇ ತಂದು ನಿಲ್ಲಿಸಿದ. ಕಾರ್ಯಕ್ಕೆಂದು ತೊಟ್ಟ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಹಸಿವಿನಿಂದ ಗಂಟಿಕ್ಕಿದ ಹುಬ್ಬು.

“ಚಿತ್ರ ಇಲ್ಲದ ಬೀಡಿ ಐತೇನ್ರಿ?”

ಉಮರ ಅಂಗಿ ನೋಡಿದ, ಪೆನ್ನು ನೋಡಿದ, ಗಾಡಿ ನೋಡಿದ. ಮುಖ ಸುಣ್ಣ ಬಳಿದಂತಾಯಿತು. ಚಿತ್ರವಿಲ್ಲದ ಮಾಲು ಮಾರಿದರೆ ಅಂಗಡಿಗೆ ಗಂಡಾಂತರ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಇಲ್ರಿ ಸಾಹೇಬ್ರ! ಅಂಥಾದ್ದು ನಮ್ಮಲ್ಲಿ ಇಡಾಂಗೇ ಇಲ್ಲ. ನೋಡ್ರಿ ಬೇಕಾದ್ರ, ಒಂದೊಂದರ ಮ್ಯಾಲೂ ರೋಗ ಐತಿ!” ಎಂದು ಕಪಾಟಿನ ಮಾಲನ್ನೆಲ್ಲ ಕೆಳಗಿಳಿಸಿ ಹರವಿದ. “ಏ, ಸಾಹೇಬ್ರಿಗೆ ಚಹಾ ತಗೊಂಬಾರೋ!”

“ಚಹಾ ಬ್ಯಾಡ. ನಾ ಇವತ್ತ ಏನೂ ಮುಟ್ಟೂದಿಲ್ಲ.”

ಉಮರ ಹರವಿದ ಮಾಲು ಬಿಟ್ಟು ಎದ್ದು ನಿಂತ. ಚಹಾ ಕುಡಿಯುವ ಸಾಹೇಬರನ್ನು ಅವನು ಬಹಳ ಕಂಡಿದ್ದ. ಚಹಾ ಬೇಡವೆನ್ನುವ ಸಾಹೇಬರನ್ನು ಕಂಡದ್ದು ಇದೇ ಮೊದಲು.

“ನಾವು ಕಾಯದೆ ಕಡೇನ ಅದೇವ್ರಿ,” ಎಂದ ಕೈಮುಗಿದು. “ಹೊರದೇಶದಾಗ ಇನ್ನೂ ಬಿಗಿ ಮಾಡ್ಯಾರಂತ. ರೋಗದ ಚಿತ್ರ ಬಿಟ್ರ ಬ್ಯಾರೆ ಬಣ್ಣಿಲ್ಲ, ಗುರತಿಲ್ಲ. ಎಲ್ಲಾ ಕಂಪನಿ ಪಾಕೀಟೂ ಒಂದ ಮಣ್ಣಿನ ಬಣ್ಣ, ಹೆಸರ ಸಣ್ಣ ಅಕ್ಷರದಾಗ. ನಾಳೆ ಇಲ್ಲೂ ಹಂಗ ಮಾಡ್ರಿ, ನಾ ಒಂದ ಮಾತ ಆಡಾಂಗಿಲ್ಲ.”

“ನನ್ನ ಕೈಯಾಗ ಏನೈತ್ರಿ ಮಾಡಾಕ?” ಎಂದ ರಾಜಾರಾಮ ದುಃಖದಿಂದ.

ಅಂತೂ ಈ ಪೀಡೆ ತೊಲಗಿದರೆ ಸಾಕೆಂದು ಉಮರ ದನಿ ತಗ್ಗಿಸಿದ. “ಟಿಕೋಟಾದಾಗ ಸುರೈಯಾಬಾಯಿ ಅಂಗಡಿ ಐತಿ. ಹಳೇ ಮಾಲ ಇದ್ರೂ ಇರಬಹುದು. ನಾ ಹೇಳೇನಂತ ಮಾತ್ರ ಹೇಳಬ್ಯಾಡ್ರಿ.”

ರಾಜಾರಾಮ ಗಾಡಿ ತಿರುಗಿಸುವುದರೊಳಗೆ ಚೌಕದ ಫೋನುಗಳೆಲ್ಲ ಮಾತಿಗೆ ಶುರುಮಾಡಿದ್ದವು. ಚಹಾ ಕುಡಿಯದ ಸಾಹೇಬನೊಬ್ಬ ಬೀಡಿ ಹಿಡಿಯಲು ಹೊರಟಿದ್ದಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಟಿಕೋಟಾ ಮುಟ್ಟಿತು. ಅವನು ಪೇಟೆಗೆ ಬಂದಂತೆ ಅಂಗಡಿಗಳ ಶಟರುಗಳು ಗಡಗಡ ಕೆಳಗಿಳಿದವು. ಎಳೆಯಲು ಶಟರು ಇಲ್ಲದ್ದು ಸುರೈಯಾಬಾಯಿಯ ಡಬ್ಬಿ ಅಂಗಡಿಗೆ ಮಾತ್ರ. ಆಕೆ ಬೀಡಿಯೆಲ್ಲ ಗೋಣಿಚೀಲದ ಕೆಳಗೆ ತಳ್ಳಿ, ಅದರ ಮೇಲೆ ತಾನೇ ಕುಳಿತುಬಿಟ್ಟಿದ್ದಳು.

“ಬೀಡಿನಾ? ಹಂಗಂದ್ರೇನ್ರಿ?” ಎಂದಳು. “ನಾ ಬರೇ ಬಾಳಿಹಣ್ಣ ಮಾರಾಕಿ.”

ರಾಜಾರಾಮ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಸಿದು ಕುಳಿತ. ಹಸಿವು, ಬಿಸಿಲು, ತಾಯಿಯ ಒಣಗಿದ ತುಟಿ, ಎಲ್ಲವೂ ಒಟ್ಟಿಗೆ ನೆನಪಾಗಿ ಅಳು ಬಂತು. ಕಾಗೆಯಿಂದ ಹಿಡಿದು ಗಂಟಲಿನವರೆಗೆ ಎಲ್ಲವನ್ನೂ ಹೇಳಿಕೊಂಡ.

ಸುರೈಯಾಬಾಯಿ ಮೊದಲು ಅವನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯ ತಮ್ಮಾ! ಇಷ್ಟಕ್ಕ ನಮ್ಮ ಪ್ಯಾಟಿ ಬಂದ್ ಮಾಡಿಸಿದೇನ? ತಾ ಇಲ್ಲಿ.”

ಅವನ ಕೈಯಿಂದ ಕಟ್ಟು ಕಸಿದು, ಮೇಲಿನ ಕಾಗದ ಚರ್ರನೆ ಹರಿದು, ಬಾಳೆಹಣ್ಣು ಕಟ್ಟುವ ಖಾಕಿ ಕಾಗದದಲ್ಲಿ ಬೀಡಿಯನ್ನು ಸುತ್ತಿ, ದಾರ ಬಿಗಿದು ಕೊಟ್ಟಳು. ಗಂಟಲಿಲ್ಲ, ಕುದುರೆಯಿಲ್ಲ, ಹೆಸರಿಲ್ಲ. ಉಮರ ಹೇಳಿದ ಹೊರದೇಶದ ಪಾಕೀಟೇ ಅಂಗೈಯಲ್ಲಿ ಕುಳಿತಂತಿತ್ತು. ಇಷ್ಟು ಸಣ್ಣ ಉಪಾಯ ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ರಾಜಾರಾಮ ದಾರಿಯುದ್ದಕ್ಕೂ ಬೈದುಕೊಂಡ. ಬಬಲೇಶ್ವರ ಮುಟ್ಟುವ ಹೊತ್ತಿಗೆ ಆ ಉಪಾಯ ತನ್ನದೇ ಎಂದು ನಂಬಿಬಿಟ್ಟಿದ್ದ.

ಮಾಳಿಗೆಯ ಮೇಲೆ ಈಗ ಅರ್ಧ ಓಣಿಯೇ ನೆರೆದಿತ್ತು. ಪರಸವ್ವ ಖಾಕಿ ಕಟ್ಟನ್ನು ಮೂಗಿಗೆ ಹಿಡಿದು ದೀರ್ಘವಾಗಿ ಮೂಸಿದಳು.

“ಹೂಂ. ಕೆಂಪು ಕುದುರೀನ. ಬುಟ್ಟಿ ತಗದು ಇಡು.”

ಇಟ್ಟ. ಎಲ್ಲರೂ ಉಸಿರು ಬಿಗಿಹಿಡಿದು ಮರದ ಕಡೆ ನೋಡಿದರು. ಕಾಗೆಗಳು ಕದಲಲಿಲ್ಲ.

ಆಗ ಪೂನಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಂದೆ ಬಂದಳು. ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಹೊತ್ತು ಅವಳಿಗೆ ಸಿಕ್ಕಿತ್ತು.

“ಮಾವನವರ ಜೀವ ಬೀಡಿಗೆ ಹತ್ತಿಲ್ಲ. ನಿಮ್ಮ ಸಿಗರೇಟಿಗೆ ಹತ್ತೇತಿ. ಮಗ ನನ್ನಂಗ ಹಾಳಾಗಬಾರದಂತ ಅನ್ನಾಕತ್ತಾರ. ಇನ್ನ ಮುಟ್ಟೂದಿಲ್ಲಂತ ಆಣಿ ಮಾಡ್ರಿ!”

“ಖರೇ ಖರೇ! ಮಾಡೋ ರಾಜಾರಾಮಾ!” ಎಂದಳು ಹನಮವ್ವ. ಹಸಿದ ಅರ್ಧ ಓಣಿಯೂ ಅದಕ್ಕೆ ದನಿಗೂಡಿಸಿತು.

ರಾಜಾರಾಮ ತಾಯಿಯ ಕಡೆ ನೋಡಿದ. ಅವಳು ತಲೆ ಕೆಳಗೆ ಹಾಕಿ ಎಡೆಯ ಹತ್ತಿರ ಕುಳಿತಿದ್ದಳು. ಅವನು ಜೇಬಿನ ಸಿಗರೇಟು ಪಾಕೀಟು ತೆಗೆದು ಮಾಳಿಗೆಯಿಂದಾಚೆ ಬೀಸಿ ಒಗೆದ. ಬೇವಿನ ಮರಕ್ಕೆ ಬಲಗೈ ಎತ್ತಿ, “ಯಪ್ಪಾ! ಇನ್ನ ನನ್ನ ಜೀವಮಾನದಾಗ ಸಿಗರೇಟ ಆಗಲಿ ಬೀಡಿ ಆಗಲಿ ಮುಟ್ಟೂದಿಲ್ಲ! ನಿನ್ನ ಆಣಿ!” ಎಂದು ಕೂಗಿದ. ಎಲ್ಲರ ಕಣ್ಣೂ ಅವನ ಎತ್ತಿದ ಕೈಯ ಮೇಲಿತ್ತು.

ಪಟಪಟನೆ ರೆಕ್ಕೆಯ ಸದ್ದು. ಒಂದು ದೊಡ್ಡ ಕಾಗೆ ನೇರ ಎಲೆಯ ಮೇಲೆ ಇಳಿದು, ಹೋಳಿಗೆ ಕಚ್ಚಿಕೊಂಡು, ಗತ್ತಿನಿಂದ ಹಾರಿಹೋಯಿತು.

“ಬಂತು! ಬಂತು!” ಮಾಳಿಗೆ ಅದುರುವಂತೆ ಜನ ಕೂಗಿದರು.

“ಯವ್ವಾ, ನೋಡ್ರಿಲ್ಲೆ! ಬೀಡಿಕಟ್ಟೂ ಇಲ್ಲ! ಅದನ್ನೂ ಒಯ್ದೈತಿ!” ಎಂದು ಹನಮವ್ವ ಕಿರುಚಿದಳು. ಶಿವಯೋಗೆಪ್ಪ ಎರಡೂ ಕೈ ಎತ್ತಿ ಮರಕ್ಕೆ ಮುಗಿದ. ರಾಜಾರಾಮನ ಎದೆ ಹಿಗ್ಗಿ ಅಂಗಿಯ ಗುಂಡಿ ಕಿತ್ತುಬರುವಂತಾಯಿತು. ಅಪ್ಪ ಸಿಟ್ಟಾಗಿರಲಿಲ್ಲ! ಪಂಕ್ತಿಯಲ್ಲಿ ಎಲ್ಲರೂ ಅವನನ್ನೇ ಹೊಗಳಿದರು. ಖಾಕಿ ಕಾಗದದ ವಿಷಯವನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕೆಂದು ಶಿವಯೋಗೆಪ್ಪ ಹೋಳಿಗೆ ಮೆಲ್ಲುತ್ತ ಠರಾವು ಮಾಡಿದ. ಪೂನಮ ಅಷ್ಟು ಪ್ರೀತಿಯಿಂದ ತುಪ್ಪ ಬಡಿಸಿದ್ದನ್ನು ರಾಜಾರಾಮ ಮದುವೆಯಾದ ಹೊಸತರಲ್ಲಿ ಮಾತ್ರ ಕಂಡಿದ್ದ.

ಊಟವಾಯಿತು. ಊಟವಾದ ಮೇಲೆ ಬೆರಳುಗಳು ತಾವಾಗಿಯೇ ಜೇಬು ತಡಕಿದವು. ಜೇಬು ಬರಿದು. ಸಂಕಟ ತಾಳದೆ ಒಬ್ಬನೇ ಇರೋಣವೆಂದು ಹಿತ್ತಲಿನ ದನದ ಕೊಟ್ಟಿಗೆಗೆ ಹೋದ. ಒಳಗಿನಿಂದ ಹೊಗೆ ಬರುತ್ತಿತ್ತು.

ಪರಸವ್ವ ಎಮ್ಮೆಯ ಪಕ್ಕದಲ್ಲಿ ಹಾಯಾಗಿ ಕುಳಿತು ಬೀಡಿ ಸೇದುತ್ತಿದ್ದಳು. ಉಡಿಯಲ್ಲಿ ಖಾಕಿ ಕಾಗದ ಬಿಚ್ಚಿಕೊಂಡಿತ್ತು.

“ಯವ್ವಾ!”

“ಮೆಲ್ಲಕ. ಎಮ್ಮಿ ಬೆದರತೈತಿ.”

“ಅದು… ಅಪ್ಪನ ಬೀಡಿ…”

“ನಿಮ್ಮಪ್ಪ ಯಾವಾಗ ಸೇದ್ಯಾನ? ಬೀಡಿ ನಾತ ಬಂದ್ರ ಅವಗ ವಾಂತಿ ಬರತಿತ್ತು. ಮದವಿ ಆದಾಗಿಂದ ನನಗಂತ ತರತಿದ್ದ. ಹೆಣಮಗಳು ಬೀಡಿ ಸೇದತಾಳಂದ್ರ ಮಂದಿ ಸುಮ್ಮನ ಬಿಡತಾರೇನ? ‘ನನ್ನ ಹೆಸರ ಕೆಟ್ಟರ ಕೆಡಲಿ, ನೀ ಸೇದು’ ಅಂತಿದ್ದ.” ಮುದುಕಿಯ ದನಿ ಒದ್ದೆಯಾಯಿತು. “ಅವ ಹೋದಾಗಿಂದ ತಂದಕೊಡವ್ರು ಒಬ್ರೂ ಇದ್ದಿಲ್ಲ ನನಗ.”

ರಾಜಾರಾಮ ಅಲ್ಲೇ ಕುಳಿತುಬಿಟ್ಟ. ಬೀಡಿ ಬಿಡು ಎಂದು ಅಪ್ಪನನ್ನು ಡಾಕ್ಟರು ಬೈದದ್ದು, ಓಣಿಯವರು ಬೈದದ್ದು, ತಾನೂ ಬೈದದ್ದು, ಎಲ್ಲಕ್ಕೂ ಅಪ್ಪ ಸುಮ್ಮನೆ ನಕ್ಕದ್ದು ಕಣ್ಣ ಮುಂದೆ ಬಂತು. ಅಪ್ಪನ ಮೇಲೆ ಇಷ್ಟೊಂದು ಪ್ರೀತಿ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

“ಹಂಗಾರ ಕಾಗಿ ಹೆಂಗ ಬಂತು?”

“ಮುಂಜಾನಿಂದ ಅವನ ಮೂಗಿನ ಮುಂದ ಬೀಡಿ ಇಟ್ಟೀರಿ, ಎಲ್ಲಿಂದ ಬಂದಾನ? ಎಲ್ಲಾರೂ ನಿನ್ನ ಆಣಿ ನೋಡಾಕ ಹತ್ತಿದ್ರು. ನಾ ಕಟ್ಟ ತಗದು ಉಡ್ಯಾಗ ಹಾಕ್ಕೊಂಡೆ. ಅಷ್ಟರಾಗ ಬಂದ.”

“ಮತ್ತ ನನ್ನ ಆಣಿ?”

“ಆಣಿ ಅಂದ್ರ ಆಣೀನ. ಅವ ಕೇಳ್ಯಾನ.”

“ಹಂಗಾರ ನೀನೂ ಬಿಡು ಬೇ!”

“ನಾ ಎಲ್ಲಿ ಆಣಿ ಮಾಡೇನಿ?” ಪರಸವ್ವ ಇನ್ನೊಂದು ದಮ್ಮು ಎಳೆದಳು. “ಇನ್ನ ಮ್ಯಾಲ ನೀನ ತಂದಕೊಡು. ಈ ಖಾಕಿ ಕಾಗದದಾಗ ಸುತ್ತಿಸಿಕೊಂಡ ಬಾ. ಆ ಗಂಟಲ ಚಿತ್ರ ನೋಡಿದ್ರ ಎದಿ ಧಸಕ್ ಅಂತೈತಿ ನನಗ.”

ಬಾಗಿಲಲ್ಲಿ ಕಾಲುಂಗುರದ ಸದ್ದಾಯಿತು. ಮುದುಕಿಯ ಕೈ ಮಿಂಚಿನಂತೆ ಓಡಿತು. ಖಾಕಿ ಕಾಗದ ಉಡಿ ಸೇರಿತು, ಉರಿಯುವ ಬೀಡಿ ಮಗನ ಬೆರಳ ನಡುವೆ ಬಂದು ಕುಳಿತಿತು. ಪರಸವ್ವ ಎಮ್ಮೆಯ ಮೈ ಸವರುತ್ತ ನಿಂತಳು.

ಒಳಗೆ ಬಂದ ಪೂನಮ ಹೊಗೆ ನೋಡಿದಳು, ಗಂಡನ ಕೈ ನೋಡಿದಳು. “ಆಣಿ ಮಾಡಿ ಕೈ ಆರಿಲ್ಲ ಇನ್ನ! ನಾಚಿಕಿ ಅನ್ನೂದು ಐತೋ ಇಲ್ಲೋ ನಿಮಗ?”

ರಾಜಾರಾಮ ಬಾಯಿ ತೆರೆದ. ತಾಯಿಯ ಬೆನ್ನು ನೋಡಿದ, ಅಪ್ಪನ ನಗು ನೆನೆದ, ತೆರೆದ ಬಾಯಿಯನ್ನು ಹಾಗೇ ಮುಚ್ಚಿದ.

“ತಪ್ಪಾತು,” ಎಂದ.

“ನೋಡ್ರಿ ಅತ್ತಿ, ನಿಮ್ಮ ಮಗನ ಕಾರಬಾರ!”

ಪರಸವ್ವ ತಿರುಗಿ ಮಗನನ್ನು ಕಣ್ತುಂಬ ನೋಡಿದಳು. “ಏನ ಮಾಡೂದವ್ವಾ,” ಎಂದಳು. “ಥೇಟ್ ಅವರಪ್ಪನ ಹಂಗನ.”