ಉಬ್ಬಿದ ಕಡೆಯೋ, ಉಬ್ಬದ ಕಡೆಯೋ

ಗಣಿತದ ಮೇಷ್ಟ್ರ ಬಗ್ಗೆ ಅವರ ಮಾವನವರಿಗೆ ಇದ್ದದ್ದು ಒಂದೇ ದೂರು: ಅಳಿಯನ ಕೈಯಲ್ಲಿ ಸೀಮೆಸುಣ್ಣ ಬಿಟ್ಟರೆ ಬೇರೇನೂ ನಿಲ್ಲುವುದಿಲ್ಲ. ಮಾವನವರು ಬರುವ ದಿನವೇ ಅದು ರುಜುವಾತಾಯಿತು. ಹೆಂಡತಿ ತಂದೆಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋಗಿದ್ದಳು. ಇತ್ತ ಅಟ್ಟದ ಮೇಲಿನ ಡಬ್ಬಿಗೆ ಕೈಚಾಚಿದ ಮೇಷ್ಟ್ರು ತಾಮ್ರದ ಹಂಡೆಯ ಮುಚ್ಚಳವನ್ನು ನೆಲಕ್ಕೆ ಕೆಡವಿದರು. ನಟ್ಟನಡುವೆ ನಿಂಬೆಹಣ್ಣು ಕೂರುವಷ್ಟು ತಗ್ಗು.

ಬೇರೆ ಮುಚ್ಚಳವಾಗಿದ್ದರೆ ಗೋಡೆಗೆ ಮುಖಮಾಡಿಸಿ ನಿಲ್ಲಿಸಬಹುದಿತ್ತು. ಇದನ್ನು ನಲವತ್ತು ವರ್ಷ ತಗಡು ತಟ್ಟಿದ ಮಾವನವರೇ ಮಗಳ ಮದುವೆಗೆಂದು ಮಾಡಿಕೊಟ್ಟಿದ್ದರು. ಬಂದಾಗಲೆಲ್ಲ ಮೊದಲು ಸವರುತ್ತಿದ್ದುದೂ ಅದನ್ನೇ. (ಮೊಮ್ಮಕ್ಕಳ ಸರದಿ ಆಮೇಲೆ.)

ಎರಡು ಗಂಟೆ ಸಮಯವಿತ್ತು. ಈ ಕಡೆಯಿಂದ ಒಳಗೆ ಹೋದದ್ದು ಆ ಕಡೆಯಿಂದ ಹೊಡೆದರೆ ಹೊರಗೆ ಬರಲೇಬೇಕು. ಕೂಡಿದ್ದನ್ನು ಕಳೆದ ಹಾಗೆ. ಮೇಷ್ಟ್ರು ಮುಚ್ಚಳವನ್ನು ಬೋರಲು ಹಾಕಿ, ಮೊಳೆ ಹೊಡೆಯುವ ಸುತ್ತಿಗೆಯಿಂದ ಬಾರಿಸಿದರು. ತಗ್ಗು ಮಾಯವಾಯಿತು, ಪಕ್ಕದಲ್ಲೊಂದು ಉಬ್ಬು ಹುಟ್ಟಿತು. ಅದನ್ನು ಅಡಗಿಸಿದರೆ ಅದರಾಚೆ ಇನ್ನೊಂದು. ಮೂರನೆಯದನ್ನು ಅಡಗಿಸುವಷ್ಟರಲ್ಲಿ ಅಂಚು ಒಣಗಿದ ಎಲೆಯಂತೆ ಸುರುಟಿಕೊಂಡಿತು.

ಬೀದಿ ತುದಿಯ ತಗಡಿನ ಅಂಗಡಿಯವನು ಮುಚ್ಚಳವನ್ನು ತಿರುಗಿಸಿ ನೋಡಿ ನಿಟ್ಟುಸಿರಿಟ್ಟ. ಅವನಿಗೆ ಕೈತುಂಬ ಕೆಲಸವಿತ್ತು.

"ತಗಡು ಹೊಡೆದಷ್ಟೂ ಬೆಳೆಯುತ್ತೆ ಮೇಷ್ಟ್ರೇ. ಬೆಳೆದದ್ದು ಎಲ್ಲಿಗೆ ಹೋಗ್ಬೇಕು, ಮೇಲಕ್ಕೇಳುತ್ತೆ."

"ಹೊಡೆದ್ರೆ ತಗ್ಗಬೇಕಲ್ವೇನಪ್ಪಾ?"

"ನಿಮ್ಮ ಕ್ಲಾಸಿನ ಹುಡುಗರು ತಗ್ಗಬಹುದು. ತಾಮ್ರ ಸೆಟೆದುಕೊಳ್ಳುತ್ತೆ. ಚೆನ್ನಾಗಿ ಕಾಯಿಸಿ ನೀರಲ್ಲಿ ಅದ್ದಿ, ಮೆತ್ತಗಾಗುತ್ತೆ."

"ನೀರಲ್ಲಿ ಅದ್ದಿದ್ರೆ ಗಟ್ಟಿಯಾಗೋದು ಅಂತ ಓದಿದ್ದೆ."

"ಅದು ಉಕ್ಕು. ಇದರ ಬುದ್ಧಿ ಬೇರೆ. ಆಮೇಲೆ ಹಲಗೆ ಮೇಲಿಟ್ಟು ಈ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಉಬ್ಬಿದ ಕಡೆ ಅಲ್ಲ, ಉಬ್ಬದ ಕಡೆ."

ಮೇಷ್ಟ್ರು ಕೊಡತಿಯ ಜೊತೆಗೆ, ನೋಡಲು ಸೌಮ್ಯವಾಗಿದೆಯೆಂದು, ಅಲ್ಲೇ ಬಿದ್ದಿದ್ದ ಮರಳಿನ ಚೀಲವನ್ನೂ ಕೇಳಿ ತಂದರು. ದಾರಿಯುದ್ದಕ್ಕೂ 'ಉಬ್ಬಿದ, ಉಬ್ಬದ' ಎಂದು ಬಾಯಿಪಾಠ. ಚರಂಡಿ ದಾಟುವಾಗ ಒಂದು ಹೆಜ್ಜೆ ಎಡವಿದ್ದೇ ತಡ, ಎರಡರಲ್ಲಿ ಯಾವುದು ಎಂಬುದೇ ಮರೆತುಹೋಯಿತು.

ಒಲೆಯಲ್ಲಿ ಕಾಯಿಸಿ ಅದ್ದಿದ ತಾಮ್ರ ನಿಜವಾಗಿಯೂ ಮೆತ್ತಗಾಗಿತ್ತು. ಹಲಗೆಯ ಬದಲು ಅಡಿಗಿಟ್ಟುಕೊಂಡ ಮರಳಿನ ಚೀಲ ಅದಕ್ಕಿಂತ ಮೆತ್ತಗಿತ್ತು. ಮೇಷ್ಟ್ರು ಒಮ್ಮೆ ಉಬ್ಬಿದ ಕಡೆ, ಒಮ್ಮೆ ಉಬ್ಬದ ಕಡೆ, ಯಾರಿಗೂ ಅನ್ಯಾಯವಾಗದಂತೆ ತಟ್ಟಿದರು. ಬಾಗಿಲು ಸದ್ದಾದಾಗ ಅವರ ತೊಡೆಯ ಮೇಲೆ ಮುಚ್ಚಳವಿರಲಿಲ್ಲ. ಎರಡು ಸೇರು ಹಿಡಿಯುವ ಬೋಗುಣಿಯಿತ್ತು. ಕೊಡತಿಯೂ ಚೀಲವೂ ಮಂಚದಡಿ ಸೇರಿದವು.

ಮಾವನವರು ಬೋಗುಣಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಸವರಿದರು. "ಯಾರು ಮಾಡಿದ್ದು?"

"ಬೀದಿ ತುದಿಯ ಅಂಗಡಿಯವನು," ಎಂದುಬಿಟ್ಟರು ಮೇಷ್ಟ್ರು. "ರಿಪೇರಿಗೆ ಕೊಟ್ಟಿದ್ದೆ."

"ನಡೀರಿ, ಅವನನ್ನ ನೋಡ್ಬೇಕು."

ಅಂಗಡಿಯಲ್ಲಿ ಮೇಷ್ಟ್ರು ಮಾವನವರ ಬೆನ್ನ ಹಿಂದೆ ನಿಂತು, ಕೈಮುಗಿದು, ಹುಬ್ಬು ಹಾರಿಸಿ, ಬೇಡಿಕೊಂಡರು. ಅಂಗಡಿಯವನು ಬೋಗುಣಿ ನೋಡಿದ, ಹುಬ್ಬು ನೋಡಿದ.

"ತಪ್ಪಾಯ್ತು ಯಜಮಾನ್ರೇ. ಹೊಸಬನೊಬ್ಬ ಮಾಡಿದ್ದು. ವಯಸ್ಸಾಗಿದೆ, ಹೇಳಿದ್ದು ತಲೆಗೆ ಹೋಗೋದು ಸ್ವಲ್ಪ ನಿಧಾನ."

ಮೇಷ್ಟ್ರಿಗೆ ಜೀವ ಬಂದಂತಾಯಿತು, ಜೊತೆಗೆ ಮೈಯೆಲ್ಲ ಉರಿಯಿತು.

"ಅವನನ್ನ ಕೆಲಸ ಬಿಡಿಸ್ಬೇಡ," ಎಂದರು ಮಾವನವರು. "ನಾಳೆ ಹತ್ತು ಗಂಟೆಗೆ ಇರೋಕೆ ಹೇಳು. ನಾನೇ ಬಂದು ಕಲಿಸ್ತೀನಿ."

ರಾತ್ರಿಯೆಲ್ಲ ಮೇಷ್ಟ್ರು ಆ ಹೊಸಬನಿಗೆ ಜ್ವರ ಬರಿಸಿದರು, ಬೇರೆ ಊರಿಗೆ ಕಳಿಸಿದರು. ಯಾವ ಸುಳ್ಳೂ ಸಮತಟ್ಟಾಗಲಿಲ್ಲ. ಬೆಳಿಗ್ಗೆ ಎದ್ದಾಗ ಮಾವನವರ ಹಾಸಿಗೆ ಖಾಲಿ. ಹೆಂಡತಿ ಮೇಷ್ಟ್ರ ಮುಂದೆ ಒಂದು ಹಳೇ ಅಂಗಿ ಇಟ್ಟಳು.

"ಇದನ್ನ ಹಾಕ್ಕೊಳ್ಳಿ, ಮಸಿಯಾದ್ರೂ ಚಿಂತೆಯಿಲ್ಲ. ಮಂಚದ ಕೆಳಗಿದ್ದ ಕೊಡತಿ, ಚೀಲ ಅಪ್ಪನೇ ತಗೊಂಡು ಹೋದ್ರು."

"ಏನಾದ್ರೂ ಅಂದ್ರಾ?"

"ಹೊಸಬನ ಕೈ ಪರವಾಗಿಲ್ವಂತೆ. ಸ್ವಲ್ಪ ಬೇಗ ಕಳಿಸು ಅಂದ್ರು."