ಮೂರು ಕಾರ್ಬೈನು, ಅರ್ಧ ಕಿವಿ

ಬಂದೂಕಿನ ಕೆಲಸದಾಗ ಇದ್ದವರಿಗೆ ನಗೂ ಪ್ರಸಂಗ ಕಡಿಮಿ ಅಂತ ಮಂದಿ ತಿಳಕೊಂಡಾರ. ತಪ್ಪು. ನಗಿ ದಿನಾ ಬರ್ತೈತಿ. ನನ್ನ ತನಕ ಮುಟ್ಟೂದು ತಡಾ ಆಗತೈತಿ ಅಷ್ಟ, ಯಾಕಂದ್ರ ನನಗ ಕೇಳಸಂಗಿಲ್ಲ.

ನಾ ಪೋಲೀಸ್ ಇಲಾಖೆದಾಗ ಆರ್ಮರರ್ ಇದ್ನಿ. ಅಂದ್ರ ಬಂದೂಕು ರಿಪೇರಿ ಮಾಡಾಂವ. ಹೊಸಾಗಿ ಬಂದ ಪೋಲೀಸರಿಗೆ ಪಾಠಾನೂ ಹೇಳ್ತಿದ್ನಿ, ಹಿಂಗಾಗಿ ಎಲ್ಲಾರೂ ನನಗ ಉಸ್ತಾದ್ ಅಂತಿದ್ರು. ರಿಪೇರಿ ಆದ ಪ್ರತಿಯೊಂದು ಬಂದೂಕನ್ನೂ ಒಮ್ಮೆ ಹೊಡದು ನೋಡಬೇಕು. ಮೂವತ್ತಮೂರು ವರ್ಷ ಹೊಡದೇನಿ. ಕಿವಿಗೆ ಏನರ ಹಾಕ್ಕೊಳ್ರಿ ಅಂತ ಸಾಹೇಬ್ರು ಹೇಳೂದ್ರೊಳಗ ಹಾಕ್ಕೊಳ್ಳಾಕ ಕಿವೀನ ಉಳದಿದ್ದಿಲ್ಲ. ಎಡಗಿವಿ ಪೂರ್ತಿ ಹೋತು. ಬಲಗಿವಿ ಅರ್ಧಾ ಐತಿ.

ಇದನ್ನ ಯಾರಿಗೂ ಹೇಳಿದ್ದಿಲ್ಲ. ಹೇಳಿದ್ರ ಆರ್ಮರಿಯಿಂದ ಎಬ್ಬಿಸಿ ಟಪಾಲ್ ವಿಭಾಗಕ್ಕ ಹಾಕ್ತಾರ, ಲಕೋಟಿಗೆ ಗೋಂದು ಹಚ್ಚಾಕ. ರಿಟೈರ್ ಆಗಾಕ ಐದು ತಿಂಗಳು ಉಳದಿತ್ತು. ಆ ಐದು ತಿಂಗಳು ನನ್ನ ಕಬ್ಬಿಣದ ನಡುವನ ಕಳೀಬೇಕು, ಅಲ್ಲಿಂದನ ಎದ್ದು ಮನಿಗೆ ಹೋಗಬೇಕು ಅಂತ ಹಟಾ ಹಿಡದಿದ್ನಿ. ಅದರಾಗ ನನ್ನ ಹೆಸರು ಇದ್ದದ್ದು ಯಾತರಾಗ ಅಂತೀರಿ? ‘ಉಸ್ತಾದ್ ಬಂದೂಕಿನ ಸದ್ದು ಕೇಳಿ ರೋಗ ಹೇಳ್ತಾರ’ ಅನ್ನೂದ್ರಾಗ!

ಮೂರು ಸೀಟಿ

ಮನಿ ಕೇಶ್ವಾಪುರದಾಗ. ಒಂದು ದಿನ ಮನಿಯಾಕಿ ಬಜಾರಕ್ಕ ಹೊಂಟಾಕಿ, “ಕುಕ್ಕರ್ ಮೂರು ಸೀಟಿ ಹೊಡದ ಮ್ಯಾಲೆ ಗ್ಯಾಸ್ ಬಂದ್ ಮಾಡ್ರಿ” ಅಂದ್ಲು. ಸೀಟಿ ನನಗ ಎಲ್ಲಿಂದ ಕೇಳಸಬೇಕು? ಆದ್ರ ನನ್ನ ಕಡೆ ಒಂದು ಯುಕ್ತಿ ಇತ್ತು. ಆರ್ಮರಿಯೊಳಗೂ ಅದನ್ನ ಮಾಡ್ತಿದ್ನಿ. ಮೇಜಿನ ಮ್ಯಾಲೆ ಅಂಗೈ ಊರಿದ್ರ ಬಂದೂಕಿನ ಒಳಗಿನ ಹೊಡೆತ ಕೈಗೆ ಬರ್ತೈತಿ. ಕಿವಿ ಕೊಡದ ಸುದ್ದಿ ಕೈ ಕೊಡ್ತೈತಿ. ಹಂಗ ಅಡಗಿ ಕಟ್ಟಿ ಮ್ಯಾಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತ್ನಿ. ಒಂದು. ಎರಡು. ಮೂರು. ಬಂದ್ ಮಾಡಿದ್ನಿ.

ಆಕಿ ಬಂದು ಮುಚ್ಚಳ ತಗದ್ರ ಅಕ್ಕಿ ಅಕ್ಕಿನ ಐತಿ, ನೀರು ನೀರ ಐತಿ. ನನ್ನ ಮಾರಿ ನೋಡಿದ್ಲು, ಗ್ವಾಡಿ ನೋಡಿದ್ಲು. ಗ್ವಾಡಿ ಆಚೆ ಬಾಜೂ ಮನಿ ಕಾಕು. ನಮ್ಮ ಆರ್ಮರಿ ಹೆಡ್ ಕಾನ್‌ಸ್ಟೇಬಲ್‌ನ ಅವ್ವ. ಆಕಿ ಒಳಕಲ್ಲಿನಾಗ ಶೇಂಗಾ ಚಟ್ನಿ ಕುಟ್ಟಾಕತ್ತಿದ್ಲು. ಆಕಿ ಮೂರು ಏಟು ಹಾಕ್ಯಾಳ, ನಾ ಗ್ಯಾಸ್ ಬಂದ್ ಮಾಡೇನಿ.

ಅವತ್ತ ಮನಿಯಾಕಿಗೆ ಗೊತ್ತಾತು. ಅವತ್ತಿನಿಂದ ನನ್ನ ಬಲಗಡೆನ ಕುಂದರಾಕ ಸುರು ಮಾಡಿದ್ಲು. ನನಗ ಸಂಕಟ ಆತು ಖರೇ. ಆದ್ರ ಕಾಕುನ ಚಟ್ನಿ ಕೊಟ್ಟು ಕಳಿಸಿದ್ಲು, ಅದನ್ನ ಹಚ್ಚಿಕೊಂಡು ತಿನ್ನಾಕ ಮನ್ಯಾಗ ಅನ್ನಾನ ಇದ್ದಿಲ್ಲ.

ಎಡಗಣ್ಣು

ಮ್ಯಾಲಿನ ಆಫೀಸಿನಿಂದ ಒಂದು ಪತ್ರ ಬಂತು. ಹಳೇ ಕಾರ್ಬೈನು ತಗದು ಹೊಸವು ಕೊಡೋರಿದ್ದಾರ, ಹಿಂಗಾಗಿ ‘ನಿಮ್ಮಲ್ಲಿರುವವುಗಳ ಆಪರೇಟಿಂಗ್ ಸಿಸ್ಟಮ್ ಯಾವುದೆಂದು ತಿಳಿಸುವುದು.’ ಕಾರ್ಬೈನು ಅಂದ್ರ ಪಿಸ್ತೂಲಿನ ಗುಂಡು ತಿನ್ನೂ ಗಿಡ್ಡ ಬಂದೂಕು. ಒಮ್ಮೆ ಕುದರಿ, ಅಂದ್ರ ಟ್ರಿಗರ್, ಎಳದ್ರ ಒಂದು ಗುಂಡು ಹಾರಿ, ಮುಂದಿನ ಗುಂಡು ತಾನಾ ಒಳಗ ಬಂದು ಕುಂದರತೈತಿ. ಅದು ಹೆಂಗ ಬಂದು ಕುಂದರತೈತಿ ಅನ್ನೂದ ಪತ್ರದಾಗಿನ ಪ್ರಶ್ನೆ.

ಆಪರೇಟಿಂಗ್ ಸಿಸ್ಟಮ್ ಅಂತ ಓದಿದ ಕೂಡಲೆ ಟಪಾಲಿನವ್ರು ಅದನ್ನ ಕಂಪ್ಯೂಟರ್ ಕೋಣಿಗೆ ಕಳಿಸಿಬಿಟ್ರು. ಅಲ್ಲಿಯ ಕ್ಲಾರ್ಕಗ ಸಂಶೆ ಬಂದು ನನಗ ಫೋನ್ ಮಾಡಿದ. “ಉಸ್ತಾದ್ರ, ನಿಮ್ಮ ಆಪರೇಟಿಂಗ್ ಯಾವುದ್ರೀ?”

ನನಗ ‘ಆಪರೇಶನ್’ ಅಂತ ಕೇಳಿಸ್ತು, ಕಣ್ಣಿನ ಪೊರಿದು. ಪಾಪ, ಮನಶಾ ಕಾಳಜಿ ಮಾಡಾಕತ್ಯಾನ ಅಂದ್ಕೊಂಡು, “ಎಡಗಣ್ಣಿಂದಾತಪಾ. ಬಲಗಣ್ಣಿಂದು ದೀಪಾವಳಿ ಆದ ಮ್ಯಾಲೆ” ಅಂದ್ನಿ.

ಆಂವ ಫೋನ್ ಇಟ್ಟು ತನ್ನ ಕಂಪ್ಯೂಟರ್ ನೋಡಿನ ಉತ್ತರ ಬರದ: ‘ಎಲ್ಲವೂ ಬಹಳ ಹಳೆಯವು. ಆರಂಭವಾಗಲು ಹತ್ತು ನಿಮಿಷ ಬೇಕು. ಮೂರರಲ್ಲಿ ವೈರಸ್ ಇದೆ.’

ಮ್ಯಾಲಿನವ್ರು ಅದನ್ನ ಓದಿ ಗಾಬರಿ ಆಗಿ ಮರುದಿನಾನ ಹೊಸಾ ಕಾರ್ಬೈನು ಮಂಜೂರು ಮಾಡಿದ್ರು.

ವಿಲಂಬಿತ

ಹೊಸವು ಎರಡು ನಮೂನಿ ಬಂದ್ವು. ಹಳೇದೂ ಸೇರಿ ಮೂರು. ಮೂರರ ಪಾಠಾನೂ ಕನ್ನಡದಾಗ ಆಗಬೇಕು ಅಂತ ಆದೇಶ ಆತು. ಶಬ್ದ ಹುಡುಕಿ ಕೊಡಾಕ ವಿದ್ಯಾನಗರದ ಕಾಲೇಜಿನಿಂದ ಒಬ್ರು ಕನ್ನಡ ಮಾಸ್ತರ್ರು ಬಂದ್ರು. ಭಾಳ ಶಾಣ್ಯಾ ಮನಶಾ. ಧೋತರದ ಚುಂಗು ಹಿಡಕೊಂಡು ಬೋರ್ಡಿನ ಮ್ಯಾಲೆ ದುಂಡಗ ಬರದ್ರು. ಹಳೇದಕ್ಕ ‘ಪ್ರತ್ಯಾಘಾತ ಚಾಲನೆ’. ಎರಡನೇದಕ್ಕ ‘ವಿಲಂಬಿತ ಪ್ರತ್ಯಾಘಾತ ಚಾಲನೆ’.

ಧಾರವಾಡದ ಒಬ್ಬ ಪೋಲೀಸ ಎದ್ದು ನಿಂತ. ಅವರ ಮನ್ಯಾಗ ತಂಬೂರಿ ಐತಿ, ಹಾಡಿನಾಗ ವಿಲಂಬಿತ್ ಅಂದ್ರ ನಿಧಾನ, ದ್ರುತ್ ಅಂದ್ರ ಜೋರು. “ಸರ್, ವಿಲಂಬಿತ್ ಮುಗದು ದ್ರುತ್ ಯಾವಾಗ್ರೀ? ಅಲ್ಲೀತನಕ ಕಳ್ಳ ನಿಂದರತಾನೇನ್ರಿ?”

ಮಾಸ್ತರ್ರು ಸಿಟ್ಟಾಗಲಿಲ್ಲ. ಮೂರನೇದನ್ನ ಬರದು, ದೊಡ್ಡ ದನೀಲೆ ಓದಿದ್ರು. ಆ ದನಿ ನನಗೂ ಕೇಳಿಸ್ತು. ಅದು ಗ್ಯಾಸಿನ ಜೋರಲೆ ನಡಿಯೂ ಕಾರ್ಬೈನು, ಹಿಂಗಾಗಿ “ಅನಿಲ ಚಾಲನೆ!”

ಹಿಂದಿನ ಸಾಲಿನಾಗ ಅನಿಲ ಅಂತ ಒಬ್ಬ ಕಾನ್‌ಸ್ಟೇಬಲ್ ತೂಕಡಸಾಕತ್ತಿದ್ದ. ದಡಬಡಿಸಿ ಎದ್ದು ಸಲ್ಯೂಟ್ ಹೊಡದು, “ಸರ್, ನನ್ನ ಕಡೆ ಲೈಸನ್ಸ್ ಇಲ್ರೀ ಸರ್” ಅಂದ.

ಅಪ್ಪ, ಅವ್ವ, ಕಾಕು

ಮಾಸ್ತರ್ರು ಹೋದ ಮ್ಯಾಲೆ ಪಾಠ ನನ್ನ ಕೊರಳಿಗೆ ಬಿತ್ತು. ನಾ ಬೋರ್ಡು ಒರಿಸಿದ್ನಿ. “ನೋಡ್ರಪಾ, ಗುಂಡು ಮುಂದ ಹಾರಿದಾಗ ಹಿಂದಕ್ಕೂ ಒಂದು ಒದಿ ಬೀಳ್ತೈತಿ. ಹಿಂದ ಬೋಲ್ಟು ಅಂತ ಕಬ್ಬಿಣದ ಗಟ್ಟಿ ಇರತೈತಿ. ಅದು ಹಿಂದ ಸರದು ಖಾಲಿ ಕೇಸು ಹೊರಗ ಒಗದು, ಹೊಸಾ ಗುಂಡು ಎತ್ತಿಕೊಂಡು ಬರಬೇಕು. ಯಾರು ಅದನ್ನ ಸರಸ್ತಾರ, ಯಾವಾಗ ಸರಸ್ತಾರ ಅನ್ನೂದ ಫರಕು.

“ಹಳೇ ಕಾರ್ಬೈನು ನಮ್ಮ ಅಪ್ಪ ಇದ್ದಂಗ. ಸಾಲಿಯಿಂದ ದೂರು ಬಂತಂದ್ರ ಅಲ್ಲೇ ಬಾಗಲದಾಗನ ಏಟು ಬೀಳ್ತಿತ್ತು. ನಡುವ ತಡ್ಯಾವ್ರು ಯಾರೂ ಇಲ್ಲ. ಭಾರದ ಬೋಲ್ಟು, ಹಿಂದೊಂದು ಸ್ಪ್ರಿಂಗು, ಮುಗೀತು. ಧೂಳು ಬೀಳಲಿ, ಮಳಿ ಬೀಳಲಿ, ನಡೀತೈತಿ. ಆದ್ರ ಭುಜಾ ನೋಯತೈತಿ.

“ಎರಡನೇದು ಅವ್ವ. ಬೀಗರು ಕುಂತಾರಂದ್ರ ಆಕಿ ನಕ್ಕೋತ ಚಾ ಕೊಡ್ತಿದ್ಲು. ಬೀಗರು ಓಣಿ ದಾಟಿದ ಮ್ಯಾಲೆ ನಮಗ ಕೊಡೂದು. ಇದರೊಳಗ ಎರಡು ಸಣ್ಣ ರೋಲರ್ ಅದಾವು. ಅವು ಬೋಲ್ಟನ್ನ ಒಂದು ಚಣ ತಡದು, ಜೋರು ಇಳದ ಮ್ಯಾಲೆ ಬಿಡ್ತಾವು. ಭುಜಕ್ಕ ಹಿತ. ರೋಲರ್ ಸವದ್ರ ಮಾತ್ರ ಹುಷಾರು, ಅವ್ವನ ತಾಳ್ಮಿ ಸವದಂಗ.

“ಮೂರನೇದು ಬಾಜೂ ಮನಿ ಕಾಕು. ನಳಿಗಿಯೊಳಗಿನ ಗ್ಯಾಸು ಸ್ವಲ್ಪ ಒಂದು ಸಣ್ಣ ತೂತಿನಾಗ ಹೊಕ್ಕು, ತಿರುಗಿ ಹಿಂದ ಬಂದು ಬೋಲ್ಟನ್ನ ದೂಡತೈತಿ. ನೀವು ಮುಂದಿನ ಬಾಗಲದಾಗ ಏನರ ಅನ್ರಿ, ನೀವು ಒಳಗ ಬರೂದ್ರೊಳಗ ಕಾಕು ಹಿತ್ತಲದಿಂದ ಹೋಗಿ ನಿಮ್ಮ ಹೆಂಡ್ತಿಗೆ ಮುಟ್ಟಿಸಿರತಾಳ. ಭುಜಕ್ಕ ಗೊತ್ತ ಆಗಂಗಿಲ್ಲ. ಆದ್ರ ಆ ತೂತಿನಾಗ ಮಸಿ ಕಟ್ಟತೈತಿ.”

ಆಗ ಹೆಡ್ ಕಾನ್‌ಸ್ಟೇಬಲ್ ಎದ್ದು ಏನೋ ಕೇಳಿದ. ತೂತು ಸ್ವಚ್ಛ ಮಾಡೂದು ಹೆಂಗ ಅಂತ ಕೇಳಿರಬೇಕು ಅಂದ್ಕೊಂಡು, “ಹೌದಪಾ, ವಾರಕ್ಕೊಮ್ಮೆ ಚಿಮಣಿ ಎಣ್ಣ್ಯಾಗ ಅದ್ದಿ ಬ್ರಶ್‌ಲೆ ತಿಕ್ಕಬೇಕು” ಅಂದ್ನಿ.

ಎಲ್ಲಾರೂ ಬಿದ್ದ ಬಿದ್ದ ನಕ್ರು. ನಾನೂ ನಕ್ನಿ. ಕಿವುಡಗ ಇದು ರೂಢಿ ಆಗಿರತೈತಿ, ಮಂದಿ ನಕ್ಕಾಗ ನಗೂದು, ಕಾರಣ ಆಮ್ಯಾಲೆ ಹುಡುಕೂದು. ಆಂವ ಕೇಳಿದ್ದು, “ಉಸ್ತಾದ್ರ, ಆ ಕಾಕು ಅಂದ್ರ ನಮ್ಮವ್ವ ಅಲ್ಲೇನ್ರಿ?”

ಬೆನ್ನು ತಿರುವಿ

ಕಡೀಗೆ ಬೆಂಗಳೂರಿಂದ ದೊಡ್ಡ ಸಾಹೇಬ್ರು ಬಂದ್ರು, ಮೂರೂ ಹೊಡದು ನೋಡಾಕ. ಅಮ್ಮಿನಬಾವಿ ಆಚೆ ಬಯಲಿನಾಗ ಉದ್ದಂದು ಕಟಗಿ ಮೇಜು ಹಾಕಿ ಮೂರೂ ಕಾರ್ಬೈನು ಸಾಲಾಗಿ ಇಟ್ಟಿದ್ವಿ. ಯಾರೋ ಪುಣ್ಯಾತ್ಮ ಅವರ ಮುಂದ ಅಂದುಬಿಟ್ಟ: “ಸರ್, ನಮ್ಮ ಉಸ್ತಾದ್ರು ನೋಡಂಗಿಲ್ರೀ, ಬರೇ ಸದ್ದಿನ ಮ್ಯಾಲೆ ಯಾವುದು ಅಂತ ಹೇಳ್ತಾರ.”

ಸಾಹೇಬ್ರು ಕೈಸನ್ನಿ ಮಾಡಿ ನನಗ ಬೆನ್ನು ತಿರುವಿ ನಿಂದರಾಕ ಹೇಳಿದ್ರು. ಮೂವತ್ತಮೂರು ವರ್ಷದ ಹೆಸರು ಇವತ್ತ ಈ ಎರಿ ಮಣ್ಣಾಗ ಹೋತು ಅಂದ್ಕೊಂಡ್ನಿ. ತಿರುಗಿ ನಿಂತು, ಆರಾಮ ನಿಂತಾವರ ಗತೆ ಎರಡೂ ಕೈ ಹಿಂದ ಮಾಡಿ, ಅಂಗೈ ಮೇಜಿನ ಮ್ಯಾಲೆ ಊರಿದ್ನಿ.

ಸಾಹೇಬ್ರು ಒಂದೊಂದನ್ನ ಮೇಜಿನ ಮ್ಯಾಲೆ ಊರಿ ಹೊಡದ್ರು. ಮೊದಲನೇದು ಬಂತು. ಗುಂಡಿನಕಿಂತ ಮೊದಲ ಬೋಲ್ಟು ಮುಂದ ಬಡದ ಏಟು, ಆಮ್ಯಾಲೆ ಹಿಂದ ಬಡದ ಏಟು. “ಹಳೇದ್ರಿ ಸರ್.” ಎರಡನೇದು ಮೆತ್ತಗ ದೂಡಿದಂಗ ಬಂತು. “ಗ್ಯಾಸಿಂದ್ರಿ.” ಮೂರನೇದು ಒಂದು ಚಣ ತಡದು, ಸಣ್ಣಗ ಚಿವುಟಿದಂಗ. “ರೋಲರಿಂದ್ರಿ.”

ತಿರುಗಿ ನೋಡಿದ್ರ ಎಲ್ಲಾರೂ ಚಪ್ಪಾಳಿ ಹೊಡ್ಯಾಕತ್ತಾರ. ಆ ಚಪ್ಪಾಳಿ ನನಗ ಕಣ್ಣಿಗೆ ಕಂಡ್ವು, ಕಿವಿಗೆ ಬರಲಿಲ್ಲ. ಗೆದ್ನಿ, ಐದು ತಿಂಗಳು ದಾಟಿದಂಗ ಆತು ಅಂದ್ಕೊಂಡ್ನಿ.

ಸಾಹೇಬ್ರು ನಕ್ಕೋತ ಬಂದ್ರು. ಹಳೇ ಕಾರ್ಬೈನಿನ ಮ್ಯಾಲೆ ಕೈ ಇಟ್ಟು ಏನೋ ಕೇಳಿದ್ರು. ತುಟಿ ನೋಡೂಣಂದ್ರ ಪೊದಿ ಮೀಸಿ. ‘ರಿಟೈರ್’ ಅನ್ನೂದು ಒಂದ ಬಲಗಿವಿಗೆ ಬಿತ್ತು. ಹಳೇದನ್ನ ರಿಟೈರ್ ಮಾಡಿದ ಮ್ಯಾಲೆ ಏನು ಮಾಡ್ತೀರಿ ಅಂತ ಕೇಳಾಕತ್ತಾರ ಅಂದ್ಕೊಂಡು, ಠಾಕ್ ಅಂತ ಅಟೆನ್ಶನ್ ನಿಂತು ಹೇಳಿದ್ನಿ:

“ಸರ್, ಮೈ ತುಂಬ ಎಣ್ಣಿ ಹಚ್ಚಿ ಮೂಲ್ಯಾಗ ನಿಂದರಸ್ತೇವ್ರಿ. ಯಾರರ ಬಂದಾಗ ಅರಿವಿಲೆ ಒರಿಸಿ ತೋರಸ್ತೇವಿ. ಜಂಗ್ ಹಿಡೀತಂದ್ರ ಒಯ್ದು ಕರಗಸ್ತಾರ್ರಿ.”

ಇಡೀ ಬಯಲ ನಕ್ತು. ರೂಢಿ ಪ್ರಕಾರ ನಾನೂ ನಕ್ನಿ. ನಗಲಾರದಾಂವ ಒಬ್ಬನ, ಹೆಡ್ ಕಾನ್‌ಸ್ಟೇಬಲ್. ಆಂವ ಒಂದು ಚೀಟಿ ಬರದು ನನ್ನ ಕೈಯಾಗ ಇಟ್ಟ. ‘ಅವರು ಕೇಳಿದ್ದು ನಿಮ್ಮನ್ನ. ರಿಟೈರ್ ಆದ ಮ್ಯಾಲೆ ಏನ್ ಮಾಡ್ತೀರಿ ಅಂತ.’

ಓದಿದ್ನಿ. ಚೀಟಿ ಬರದ ಕೊಡಬೇಕು ಅಂತ ಆಂವಗ ಹೊಳೀಬೇಕಾದ್ರ, ಆಂವಗ ಎಷ್ಟು ದಿನದಿಂದ ಗೊತ್ತಿತ್ತೋ ಏನೋ! ಸಾಹೇಬ್ರಿಗೂ ತಿಳೀತು. ನನ್ನ ಬಲಗಿವಿ ಹತ್ರ ಬಾಗಿ, “ಯಾವಾಗಿಂದ ಹಿಂಗ?” ಅಂದ್ರು. ಸುಳ್ಳು ಹೇಳಾಕ ಬಾಯಿ ಬರಲಿಲ್ಲ. “ಭಾಳ ವರ್ಷ ಆತ್ರಿ” ಅಂದ್ನಿ. ಅವರು ಕೆಟ್ಟವರಲ್ಲ. ಹೆಗಲ ಮ್ಯಾಲೆ ಕೈ ಇಟ್ರು. ಆದ್ರ ಸಂಜಿಕ್ಕ ಆದೇಶ ಬಂತು: ಸೋಮವಾರದಿಂದ ಟಪಾಲ್ ವಿಭಾಗ.

ಆರ್ಮರಿ ಕೀಲಿ ಹೆಡ್ ಕಾನ್‌ಸ್ಟೇಬಲ್‌ಗ ಕೊಟ್ಟು ಮನಿ ಹಾದಿ ಹಿಡದ್ನಿ. ಮನಿಯಾಕಿಗೆ ಹೆಂಗ ಹೇಳಬೇಕು, ಯಾವ ಮಾತಿನಿಂದ ಸುರು ಮಾಡಬೇಕು ಅಂತ ಹಾದಿ ತುಂಬ ಜೋಡಿಸಿಕೋತ ಬಂದ್ನಿ. ಅದರ ಜರೂರ ಏನೂ ಇದ್ದಿಲ್ಲ. ಹೆಡ್ ಕಾನ್‌ಸ್ಟೇಬಲ್ ತಮ್ಮ ಅವ್ವಗ ಫೋನ್ ಮಾಡ್ಯಾನ, ಕಾಕು ಹಿತ್ತಲದಿಂದ ನಮ್ಮ ಮನಿಗೆ ಬಂದು ಎಲ್ಲಾ ಹೇಳ್ಯಾಳ. ಗ್ಯಾಸ್ ಪದ್ಧತಿ.

ಮನಿಯಾಕಿ ಪಡಸಾಲ್ಯಾಗ ಕಟಗಿ ಮಣಿ ಹಾಕಿ ಕುಂತಿದ್ಲು. ಬಾಜೂಕ ಕೊಬ್ಬರಿ ಎಣ್ಣಿ ಬಾಟ್ಲಿ. ಕಣ್ಣು ಕೆಂಪಗ ಆಗಿದ್ವು. ನನ್ನ ಕೈ ಹಿಡದು ಕುಂದರಿಸಿ, ನೆತ್ತಿ ಮ್ಯಾಲೆ ಒಂದು ಬೊಗಸಿ ಸುರದು, ಬಲಗಿವಿಗೆ ಬಾಯಿ ಹಚ್ಚಿ ಇಡೀ ಓಣಿಗೆ ಕೇಳೂಹಂಗ ಅಂದ್ಲು:

“ಸುಮ್ಮನ ಕುಂದರ್ರಿ, ಇವತ್ತ ಎಣ್ಣಿ ಅಷ್ಟ. ಮೂಲ್ಯಾಗ ನಿಂದ್ರೂದು ಸೋಮವಾರದಿಂದ.”