ಜೋಗವ್ವನ ಮಂಚ

ವಿಜಾಪುರದಾಗ ನರ್ಸಿಂಗ್ ಹುಡುಗ್ಯಾರಿಗೆ ಕಲಿಸಾಕ ಸೇರಿದ ಮ್ಯಾಲ ನನ್ನ ಎದಿ ಒಂದ ದಿನಾನೂ ತಣ್ಣಗಿರಲಿಲ್ಲ ನೋಡ್ರಿ. ಏನರೆ ಒಂದು ಆಗೇ ಆಗ್ತಿತ್ತು. ಎಪ್ಪತ್ತರ ದಶಕದಾಗ ಒಂದೇ ವಾರದಾಗ ಆದದ್ದಿಷ್ಟು.

೧. ರಿಜಿಸ್ಟರ್

ಕಾಖಂಡಕಿಯಿಂದ ನಮ್ಮ ದವಾಖಾನಿಗೆ ಒಬ್ಬ ಜೋಗಪ್ಪ ಬಂದ್ಳು. ಗಂಡಾಗಿ ಹುಟ್ಟಿ, ಎಲ್ಲಮ್ಮನ ಸೇವಾಕ ಮುತ್ತು ಕಟ್ಟಿಸಿಕೊಂಡು, ಸೀರಿ ಉಟ್ಟು ಬಾಳಿದಾಕಿ. ಕಾಲು ಕೀವು ತುಂಬಿ ಊದಿತ್ತು. "ಹತ್ತು ದಿನ ಸೂಜಿ ತಪ್ಪಬಾರದು, ನಡುವ ಎದ್ದು ಹೋದ್ರ ಕಾಲು ಹೋಗ್ತದ" ಅಂದ್ರು ಡಾಕ್ಟರು. ಹಿಂದ ಬ್ಯಾರೆ ದವಾಖಾನ್ಯಾಗ ಗಂಡಸರ ವಾರ್ಡಿಗೆ ಹಾಕಿದ್ದಕ್ಕ ಆಕಿ ಮರುದಿನಾನ ಎದ್ದು ಹೋಗಿದ್ಳಂತ. ನನಗ ಅದೇ ಅಂಜಿಕಿ.

ನನ್ನ ಒಬ್ಬ ವಿದ್ಯಾರ್ಥಿನಿ ರಿಜಿಸ್ಟರ್ ತಗದು, ಪೆನ್ನು ಹಿಡಕೊಂಡು ನನ್ನ ಕಡೆ ತಿರುಗಿದ್ಳು. "ಬಾಯಾರ, ಗಂಡು ಅಂತ ಬರೀಲೋ, ಹೆಣ್ಣು ಅಂತ ಬರೀಲೋ?"

"ಅವರನ್ನ ಕೇಳ ಬೇ" ಅಂದೆ.

"ಜೋಗವ್ವ ಅಂತ ಬರಿಯವ್ವ. ಆದ್ರ ಮೊದಲ ಕುಂಡ್ರಾಕ ಒಂದು ಸ್ಟೂಲ್ ಕೊಡು, ಆಗಿಂದ ಒಂಟಿಕಾಲ ಮ್ಯಾಲ ನಿಂತೇನಿ!"

೨. ಮರ್ಯಾದಿ

"ನಗಬ್ಯಾಡ್ರಿ, ಅಂಜಬ್ಯಾಡ್ರಿ, ಮರ್ಯಾದಿ ಕೊಡ್ರಿ" ಅಂತ ಅವತ್ತ ನನ್ನ ಆರು ಹುಡುಗ್ಯಾರಿಗೆ ಪಾಠ ಮಾಡಿದೆ. ಮರುದಿನ ಮುಂಜಾನೆ ನೋಡ್ತೇನಿ, ಆರೂ ಹುಡುಗ್ಯಾರು ಚಪ್ಪಲಿ ಬಿಟ್ಟು, ಸಾಲು ಹಚ್ಚಿ, ಹಣಿ ತುಂಬ ಅರಿಷಿಣದ ಭಂಡಾರ ಬಡಕೊಂಡು ಆಕಿ ಕಾಲಿಗೆ ಬೀಳಾಕತ್ತಾರ! ಜ್ವರ ಒಬ್ಬಾಕೀನೂ ನೋಡಿಲ್ಲ. "ಪರೀಕ್ಷಾ ಪಾಸ್ ಆಗ್ತೀವೇನ್ರಿ ಅವ್ವಾ?" ಅಂತ ಕೇಳಾಕತ್ತಾರ.

ಜೋಗವ್ವ ನನ್ನ ಕಡೆ ತಿರುಗಿದ್ಳು. "ಆರೂ ಮಂದಿ ನೋಯೋ ಕಾಲಿಗೇ ಬಿದ್ರು ಬಾಯಾರ. ಇವು ಹೆಂಗ ಪಾಸ್ ಆಗ್ತಾವ?"

೩. ಪಡಸಾಲಿ

ಯಾವ ವಾರ್ಡಿನವರೂ ತಕರಾರು ತಗೀಬಾರದು ಅಂತ ನಾನು ಆಕಿ ಮಂಚ ಎರಡೂ ವಾರ್ಡಿನ ನಡುವ ಪಡಸಾಲ್ಯಾಗ ಹಾಕಿಸಿದ್ದೆ. ಭಾರಿ ಶಾಣ್ಯಾತನ ಮಾಡೇನಿ ಅನ್ಕೊಂಡಿದ್ದೆ. ಮೂರನೇ ದಿನ ಬಂದು ನೋಡಿದ್ರ ಜೋಗವ್ವ ಇಲ್ಲ, ಮಂಚಾನೂ ಇಲ್ಲ.

ಅಯ್ಯ ಶಿವನ, ಆಕಿ ಕಾಲು ಹೋತು, ನನ್ನಿಂದ ಹೋತು! ಒಬ್ಬ ಹುಡುಗೀನ ಆಕಿ ಊರ ಕಡೆ ಹೋಗೋ ಬಬಲೇಶ್ವರ ಬಸ್ಸಿನ ಕಡೆ ಓಡಿಸಿದೆ. ಆಕಿ ಏದುಸಿರು ಬಿಡ್ತಾ ಬಂದ್ಳು. "ಬಾಯಾರ, ಕಂಡಕ್ಟರ್‌ಗೆ ಕೇಳೇನ್ರಿ. ಮಂಚ ಯಾರೂ ಏರಿಸಿಲ್ಲಂತ."

ಅಷ್ಟರಾಗ ಹೆಂಗಸರ ವಾರ್ಡಿನಿಂದ ನಗಿ ಕೇಳಿಸ್ತು. ಹೋದ್ರ, ಜೋಗವ್ವನ ಮಂಚ ಒಳಗ! ತೊರವಿಯ ಒಬ್ಬ ಮುದುಕಿ, ಮುಸಲ್ಮಾನರಾಕಿ, ಬಾಜೂಕ ಕುಂತು ಚಾ ಕುಡಸಾಕತ್ತಿದ್ಳು. ನನ್ನ ನೋಡಿ ಬೈದ್ಳು: "ಹೆಣಮಗಳನ್ನ ಹಾದ್ಯಾಗ ಮಲಗಸ್ತಾರೇನ ಬೇ? ನಾವ ಎಳಕೊಂಡು ಬಂದೇವಿ."

ನಾಚಿಕಿ ಆತು. ಇಷ್ಟು ದಿನ ನಾನು ಕಲಿಸಿದ್ದೇನು! "ಹತ್ತೂ ದಿನ ಇರ್ತೀಯೇನವ್ವ?" ಅಂತ ಮೆಲ್ಲಗ ಕೇಳಿದೆ.

"ಇರ್ತೇನ್ರಿ. ಆದ್ರ ನನ್ನ ಕಾಲು ಉಳೀಬೇಕಂದ್ರ, ನಿಮ್ಮ ಆ ಆರು ಮಂದೀನ ಗಂಡಸರ ವಾರ್ಡಿಗೆ ಹಾಕ್ರಿ!"